ಸೊಂಟಕ್ಕೊಂದು ಮಿಲಿಟರಿ ಚಾಕು

ನನ್ನ ಅಭಿಪ್ರಾಯವನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕೊಳ್ಳೇಗಾಲದ ಕಾಲೇಜೊಂದರಲ್ಲಿ ನಾನು ಹೇಳುವ ವಾಣಿಜ್ಯಶಾಸ್ತ್ರವನ್ನು ಹುಡುಗರು ಬರೆದುಕೊಳ್ಳುತ್ತಾರೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಸಾಕೇ ಎಂದು ಹೆಂಡತಿ ಗಿರಿಜಾ ಕೇಳುವುದುಂಟು. ನಾನು ಚಮಚ ಬಾಯಿಗಿಡುವಷ್ಟರಲ್ಲಿ ಇನ್ನೊಂದು ಚಿಟಿಕೆ ಹಾಕಿಬಿಟ್ಟಿರುತ್ತಾಳೆ. ಇಂಥವನಿಗೆ ಯಾರಾದರೂ ಫೋನು ಮಾಡಿ "ನೀವು ಪರೀಕ್ಷೆ ಮಾಡಿ ಹೇಳಿದ್ರೇ ಸರಿ" ಎಂದರೆ ಏನಾಗಬೇಡ? ನನಗೂ ಅದೇ ಆಯಿತು.

ಹಾಗೆ ಅಂದವನು ಗಿರಿಜಾಳ ತಮ್ಮ ಮಹೇಶ. ಮೈಸೂರಿನಲ್ಲಿ ಅವನದೊಂದು ಅಂಗಡಿ. ಬೆಟ್ಟ ಹತ್ತುವವರು, ಕಾಡಿಗೆ ಹೋಗಿ ಗುಡಾರ ಹಾಕಿ ಸೊಳ್ಳೆ ಕಚ್ಚಿಸಿಕೊಳ್ಳುವವರು, ಇಂಥವರಿಗೆ ಬೇಕಾದ ಸಾಮಾನು ಮಾರುತ್ತಾನೆ. ಯಾವನೋ ವ್ಯಾಪಾರಿ ಅವನಿಗೆ ಮಿಲಿಟರಿ ಮಾದರಿಯ ಚಾಕು ತೋರಿಸಿ ಮಾಲು ತೆಗೆದುಕೋ ಎಂದು ಗಂಟುಬಿದ್ದಿದ್ದನಂತೆ. "ಭಾವ, ಒಂದು ಕಳುಸ್ತೀನಿ. ಸೊಂಟಕ್ಕೆ ಕಟ್ಕೊಂಡು ಓಡಾಡಿ. ಕೂರೋವಾಗ ಏಳೋವಾಗ ತೊಂದ್ರೆ ಆಗುತ್ತಾ, ಹಗ್ಗ ಗಿಗ್ಗ ಕುಯ್ಯುತ್ತಾ ನೋಡಿ. ನೀವು ಹೂಂ ಅಂದ್ರೆ ತರುಸ್ತೀನಿ" ಎಂದ. ನಾನು ಅಲ್ಲೇ ಕರಗಿಹೋದೆ.

ಬಂದ ಚಾಕುವನ್ನು ನೋಡಿ ಗಟ್ಟಿಯಾದೆ. ಮಡಚಲು ಬಾರದ, ಮೊಳಕ್ಕೆ ನಾಲ್ಕು ಬೆರಳು ಕಡಿಮೆ ಇರುವ ಕಪ್ಪು ಅಲಗು. ಬೆನ್ನಿನ ಮೇಲೆ ಗರಗಸದ ಹಲ್ಲು. ಒರೆಗೆ ಎಲ್ಲೆಲ್ಲೋ ಪಟ್ಟಿಗಳು. ಗಿರಿಜಾ ಒಮ್ಮೆ ಅದನ್ನೂ ಒಮ್ಮೆ ನನ್ನನ್ನೂ ನೋಡಿ, "ನಾವೇನ್ರೀ ದಂಡೆತ್ತಿ ಓಯ್ತಾ ಇದ್ದೀವಾ? ಅಡ್ಗೆಮನೆಗೆ ಮಾತ್ರ ತರ್ಬೇಡಿ" ಎಂದಳು. ಅವಳು ಹಾಲು ತರಲು ಹೋದ ಸಮಯ ನೋಡಿ ನಾನು ಅಡುಗೆಮನೆಗೇ ತಂದು ಟೊಮೆಟೊ ಕೊಯ್ದೆ. ಅಲಗು ದಪ್ಪ, ಟೊಮೆಟೊ ಮೆತ್ತಗೆ. ಹಿಂದಿರುಗಿದವಳು ಗೋಡೆ ನೋಡಿ, ನನ್ನ ಬನಿಯನ್ನು ನೋಡಿ, "ಇದು ಕುಯ್ದಿಲ್ಲ ಕಣ್ರಿ, ಎದರಿಸ್ಬುಟ್ಟದೆ" ಎಂದಳು. ಹೊರಗಡೆ ಬಳಸುವ ಚಾಕುವನ್ನು ಒಳಗಡೆ ಪರೀಕ್ಷಿಸಿದ್ದು ನನ್ನದೇ ತಪ್ಪು ಎಂದು ಸಮಾಧಾನ ಮಾಡಿಕೊಂಡು, ಭಾನುವಾರ ಶಾಗ್ಯದಲ್ಲಿರುವ ಮಾವನವರ ತೋಟಕ್ಕೆ ಹೊರಟೆ. ಗಿರಿಜಾಳೂ ಬಂದಳು, ಕಾವಲಿಗೆ.

ಚಾಕುವನ್ನು ಚೀಲದಲ್ಲಿ ಹಾಕಿಕೊಳ್ಳಬಹುದಿತ್ತು. ಆದರೆ ಸೊಂಟಕ್ಕೆ ಕಟ್ಟಿಕೊಂಡು ನೋಡಬೇಕೆಂಬ ಅಪ್ಪಣೆ ಇತ್ತಲ್ಲ! ಯಾರಿಗೂ ಕಾಣದಂತೆ ಮೇಲೆ ಉದ್ದನೆಯ ಜುಬ್ಬಾ ತೊಟ್ಟೆ. ಬಸ್ಸಿನಲ್ಲಿ ಕೂತೆನೋ ಇಲ್ಲವೋ, ಹಿಡಿ ಪಕ್ಕೆಲುಬಿಗೆ, ತುದಿ ತೊಡೆಗೆ ಒತ್ತಿ ಪ್ರಾಣ ಹೋಯಿತು. ಎದ್ದು ನಿಂತೆ. ಕಂಡಕ್ಟರು ಬಿಡಬೇಕಲ್ಲ. "ಸೀಟು ಖಾಲಿ ಅದಲ್ಲ ಸಾ, ಕುಂತ್ಕಳಿ" ಎಂದ. "ಬೇಡ, ಕೂರೋಕೆ ಆಗಲ್ಲ" ಎಂದೆ. ಪಕ್ಕದ ಸೀಟಿನ ಅಜ್ಜಿ ಕನಿಕರದಿಂದ ನೋಡಿ, ಇಡೀ ಬಸ್ಸಿಗೆ ಕೇಳಿಸುವಷ್ಟು ಮೆತ್ತಗೆ, "ಮೂಲವ್ಯಾದಿಯಾ ಮಗಾ? ಯಳಂದೂರ್ತಾವ ನಾಟಿ ಔಸ್ದ ಕೊಡೋರು ಅವ್ರೆ, ಓಗ್ಬುಟ್ಟು ಬಾ" ಎಂದಿತು. ಹಿಂದಿನಿಂದ ಯಾರೋ ಮೂಲಂಗಿ ತಿನ್ನಿ ಎಂದರು, ಮುಂದಿನಿಂದ ಯಾರೋ ಮೂಲಂಗಿ ಮುಟ್ಟಲೇಬೇಡಿ ಎಂದರು. ಸೊಂಟದಲ್ಲಿರುವುದು ರೋಗವಲ್ಲ, ಆಯುಧ ಎಂದು ಬಿಡಿಸಿ ಹೇಳುವುದು ಹೇಗೆ? ಗಿರಿಜಾ ಕಿಟಕಿಯ ಕಡೆ ಮುಖ ತಿರುಗಿಸಿ, ಈ ಮನುಷ್ಯನನ್ನು ಹಿಂದೆಂದೂ ಕಂಡಿಲ್ಲವೆಂಬಂತೆ ಕೂತಿದ್ದಳು.

ಶಾಗ್ಯದಲ್ಲಿ ಮಾವನವರು ಚಾಕುವನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. "ಒಸ ಆಯ್ದ ಅಳಿಯಂದ್ರೆ, ಅಂಗೇ ಮುಟ್ಟಬಾರ್ದು" ಎಂದು ದೇವರ ಮುಂದಿಟ್ಟು ವಿಭೂತಿ ಬಳಿದರು, ಹೂವು ಮುಡಿಸಿದರು. ಅಷ್ಟರಲ್ಲಿ ಸುದ್ದಿ ತಿಳಿದು ಜಗಲಿ ತುಂಬಿತು. ಆಮೇಲೆ ಚಾಕು ನನ್ನ ಕೈಗೆ ಬರಲೇ ಇಲ್ಲ. ಒಬ್ಬ ಭಾರ ಸಾಲದೆಂದ, ಇನ್ನೊಬ್ಬ ಭಾರ ಹೆಚ್ಚಾಯಿತೆಂದ. ಒಬ್ಬ ಮುಂಗೈ ಕೂದಲು ಕೆರೆದ. ಒಬ್ಬ ಚಪ್ಪಲಿಗಂಟಿದ ಕೆಸರು ಕೆತ್ತಿದ. "ಯಾರ್ನ ಒಡಿಯಕ್ಕೆ ಸಾ ಇದು?" ಎಂದು ಕೇಳಿದವನಿಗೆ, ಸದ್ಯಕ್ಕೆ ನಿಮ್ಮನ್ನೇ ಎನ್ನುವಷ್ಟು ಸಿಟ್ಟು ಬಂದಿತ್ತು. ಪರೀಕ್ಷಕನಾದ ನಾನು ಮೂಲೆಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ.

ಎಲ್ಲರೂ ಊಟಕ್ಕೆ ಎದ್ದುಹೋದ ಮೇಲೆ ಚಾಕು ನನಗೆ ಸಿಕ್ಕಿತು. ಆಗಲೇ ಹಿತ್ತಿಲಿನಿಂದ ಅತ್ತೆಯವರ ಕೂಗು: "ಅಯ್ಯಯ್ಯೋ, ಕರ ಸತ್ತೋಯ್ತದೆ ಬನ್ರಪ್ಪಾ!"

ಓಡಿದೆ. ಬೇವಿನ ಮರಕ್ಕೆ ಕಟ್ಟಿದ್ದ ಎಳೆಗರು ಮರವನ್ನು ಸುತ್ತಿ ಸುತ್ತಿ, ಪಕ್ಕದ ಗುಂಡಿಗೆ ಜಾರಿ, ಕೊರಳಿನಲ್ಲಿ ನೇತುಬಿದ್ದಿತ್ತು. ನಾಲಗೆ ಹೊರಗೆ ಬಂದಿತ್ತು, ಕಣ್ಣು ಮೇಲಾಗಿತ್ತು. ಅತ್ತೆಯವರು ಗಂಟಿಗೆ ಕೈ ಹಾಕಿ ಎಳೆಯುತ್ತಿದ್ದರು. ಗಂಟು ಇನ್ನಷ್ಟು ಬಿಗಿಯುತ್ತಿತ್ತು. ಕರುವಿನ ಕೊರಳಿಗೆ ತಗುಲೀತೆಂದು ಮರದ ಕಡೆಗೆ ಅಲಗಿಟ್ಟು ಎಳೆದೆ. ಒಂದೇ ಎಳೆತ. ಹಗ್ಗ ತುಂಡಾಗಿ ಕರು ಗುಂಡಿಗೆ ಬಿತ್ತು. ಅತ್ತೆಯವರು ಕುಣಿಕೆ ಸಡಿಲಿಸಿ ಕೊರಳು ನೀವಿದರು. ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಕೆಮ್ಮಿತು, ತಲೆ ಕೊಡವಿತು, ಕಾಲೂರಿ ಎದ್ದಿತು. ಅತ್ತೆಯವರು ಕಣ್ಣೊರೆಸಿಕೊಂಡು, "ದೇವ್ರು ಬಂದಂಗೆ ಬಂದ್ರಿ ಕಣ್ರಪ್ಪಾ" ಎಂದರು. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳೇಕೆ.

ನನ್ನ ದೇವತ್ವ ಕಾಫಿಯ ಹೊತ್ತಿನ ತನಕ ನಡೆಯಿತು. ನಾವು ಕರುವನ್ನು ಹೊಗಳುತ್ತಾ ನಿಂತಿದ್ದಾಗ ಅದು ಕೊಟ್ಟಿಗೆಗೆ ನುಗ್ಗಿ ತಾಯಿಯ ಕೆಚ್ಚಲು ಬರಿದು ಮಾಡಿತ್ತು. "ಒಂದ್ ತೊಟ್ಟೂ ಬುಟ್ಟಿಲ್ಲ" ಎಂದು ಅತ್ತೆಯವರು ಕರಿಕಾಫಿ ತಂದಿಟ್ಟರು. ಮಾವನವರು ತುಂಡಾದ ಹಗ್ಗವನ್ನು ಬೆಳಕಿಗೆ ಹಿಡಿದು, "ಒಸ ಅಗ್ಗ ಕಣ್ರಿ ಅಳಿಯಂದ್ರೆ. ಒಸಿ ಕರನ ಮೇಲಕ್ಕೆತ್ತಿದ್ರೆ ಗಂಟು ಬಿಚ್ಕತಿತ್ತು" ಎಂದು ನಿಟ್ಟುಸಿರಿಟ್ಟರು. ಪ್ರಾಣ ಹೋಗುತ್ತಿದ್ದಾಗ ಹಗ್ಗದ ಹೊಸತನ ನೋಡುವವರಾರು ಸ್ವಾಮಿ?

ಮಹೇಶನಾದರೂ ಮೆಚ್ಚಿಯಾನೆಂದು ಫೋನು ಮಾಡಿ ಕಥೆಯೆಲ್ಲ ಹೇಳಿದೆ. "ಸೂಪರ್ ಭಾವ! ವಿಡಿಯೋ ಮಾಡಿದ್ರಾ?" ಎಂದ. ಇಲ್ಲವೆಂದೆ. "ಛೇ. ಅದನ್ನೇ ಇನ್ನೊಂದ್ಸಲ ಮಾಡೋಕಾಗಲ್ವಾ?"

ಮೂಕ ಪ್ರಾಣಿಯೊಂದು ಸಾವಿನ ಬಾಯಿಗೆ ಹೋಗಿ ಬಂದಿದೆ, ಇವನಿಗೆ ವಿಡಿಯೋ ಬೇಕಂತೆ! ಮನುಷ್ಯತ್ವ ಬೇಡವೇ ಎಂದು ಬೈದು ಫೋನಿಟ್ಟೆ. ಕೋಪ ಇಳಿಯಲೆಂದು ಹಿತ್ತಿಲಿಗೆ ಹೋದೆ. ಕರು ಹೊಟ್ಟೆ ತುಂಬಿ ಮರದಡಿ ಮಲಗಿತ್ತು. ಬೇವಿನೆಲೆಗಳ ನಡುವಿನಿಂದ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಕರು ಬೇಡ, ಬರೀ ಹಗ್ಗ ಸಾಕಲ್ಲವೇ? ಗುಂಡಿಯ ಆಚೆ ನಿಂತು ಫೋನು ಹಿಡಿದರೆ ನನ್ನ ಮುಖವೂ ಬರುತ್ತದೆ. ಗಿರಿಜಾಳ ಕೈಗೆ ಫೋನು ಕೊಟ್ಟು ಮೆಲ್ಲಗೆ ಕೇಳಿದೆ: "ಮನೆಯಲ್ಲಿ ಹಳೇ ಹಗ್ಗ ಏನಾದ್ರೂ ಇದೆಯಾ?"

"ಅದೆ" ಎಂದಳು ಗಿರಿಜಾ. "ಮೊದ್ಲು ನಿಮ್ಮನ್ನ ಕಟ್ಟಾಕ್ಬೇಕು."