ಮೂಗಿನ ಯಥಾಸ್ಥಿತಿ

ನನ್ನ ನಿವೃತ್ತಿಗೆ ಇಪ್ಪತ್ತಾರು ದಿನ ಇರುವಾಗ ವಿಶ್ವವಿದ್ಯಾಲಯವು ನನ್ನ ಮೂಗನ್ನು ಪತ್ತೆ ಮಾಡಿತು.

ಆ ಮೂಗಿಗೆ ಮುಂದಿನ ತಿಂಗಳು ಮೂರನೆಯ ತಾರೀಖು ಶಸ್ತ್ರಚಿಕಿತ್ಸೆ ಎಂದು ನಿಗದಿಯಾಗಿತ್ತು. ಅದು ಶಿಳ್ಳೆ ಹೊಡೆಯುತ್ತದೆ, ನಿದ್ದೆ ಮಾಡಲು ಬಿಡುವುದಿಲ್ಲ ಎಂದು ಹೆಂಡತಿ ಮೂವತ್ತು ವರ್ಷದಿಂದ ಹೇಳುತ್ತಿದ್ದಳು. ನಾನು ನಂಬಿರಲಿಲ್ಲ. ಉಪನ್ಯಾಸಗಳನ್ನು ಧ್ವನಿಮುದ್ರಿಸುವ ವಿಶ್ವವಿದ್ಯಾಲಯದ ಸ್ಟುಡಿಯೋದಲ್ಲಿ ನಾನು ಧ್ವನಿ ತಂತ್ರಜ್ಞ. ಶಿಳ್ಳೆ ಇದ್ದಿದ್ದರೆ ನನಗೆ ಕೇಳಿಸುತ್ತಿರಲಿಲ್ಲವೇ? ಅವಳ ಸಮಾಧಾನಕ್ಕೆ ಒಪ್ಪಿದ್ದೆ.

ಪತ್ತೆ ಮಾಡಿದ್ದು ಹೊಸ ಯಂತ್ರ. ಹಳೆಯ ಉಪನ್ಯಾಸಗಳ ಧ್ವನಿಯನ್ನು ತೊಳೆದು ಕೊಡಲೆಂದು ತರಿಸಿದ್ದರು. ಎರಡು ಸಾವಿರದ ಮುನ್ನೂರು ಉಪನ್ಯಾಸ ಕೇಳಿದ ಮೇಲೆ ಅದು ವರದಿ ಕೊಟ್ಟಿತು: ಎಲ್ಲದರಲ್ಲೂ ಉಪನ್ಯಾಸಕರಲ್ಲದೆ ಇನ್ನೊಬ್ಬ ವ್ಯಕ್ತಿ ಇದ್ದಾನೆ. ಮಾತಾಡುವುದಿಲ್ಲ. ಶಿಳ್ಳೆ ಹೊಡೆಯುತ್ತಾನೆ.

ಮರುದಿನವೇ ನಿರ್ದೇಶಕರ ಸುತ್ತೋಲೆ ಬಂತು. "ಅನುಮತಿ ಇಲ್ಲದೆ ಶಿಳ್ಳೆ ಹೊಡೆದಿರುವವರು ಏಳು ದಿನಗಳೊಳಗೆ ಲಿಖಿತವಾಗಿ ಒಪ್ಪಿಕೊಳ್ಳತಕ್ಕದ್ದು. ತಪ್ಪಿದಲ್ಲಿ, ಹೊಡೆದಿಲ್ಲವೆಂದು ಭಾವಿಸಲಾಗುವುದು." ಎಲ್ಲರೂ ಓದಿ ಸಹಿ ಹಾಕಿದರು. ನಾನೂ ಹಾಕಿದೆ. ಯಾರಿರಬಹುದು ಎಂದು ಊಟದ ಹೊತ್ತಿನಲ್ಲಿ ಚರ್ಚೆಯಾಯಿತು. ನನಗೆ ಅಟೆಂಡರ್ ಮೇಲೆ ಸಂಶಯವಿತ್ತು.

ಮೂವರ ಸಮಿತಿ ನೇಮಕವಾಯಿತು. ಯಂತ್ರ ನಡೆಸಲು ನನ್ನನ್ನೇ ಹಾಕಿದರು. ಸ್ಟುಡಿಯೋದ ದಪ್ಪ ಬಾಗಿಲು ಮುಚ್ಚಿಕೊಂಡು ಮೂರು ದಿನ ಕೇಳಿದೆವು. ಮೂರನೆಯ ದಿನ ಅಧ್ಯಕ್ಷರು ಸಾಕೆಂದು ಕೈ ಎತ್ತಿದರು. ನಾನು ಯಂತ್ರ ನಿಲ್ಲಿಸಿದೆ. ಶಿಳ್ಳೆ ನಿಲ್ಲಲಿಲ್ಲ.

ಮೂವರೂ ನನ್ನ ಕಡೆ ತಿರುಗಿದರು.

"ಎಷ್ಟು ದಿನದಿಂದ?" ಎಂದರು ಅಧ್ಯಕ್ಷರು.

"ಹೆಂಡತಿಯನ್ನು ಕೇಳಬೇಕು ಸಾರ್," ಎಂದೆ.

ಆಗಿದ್ದು ಇಷ್ಟು. ಉಪನ್ಯಾಸಕರು ಕೆಮ್ಮುತ್ತಾರೆ, ತಡವರಿಸುತ್ತಾರೆ, ಮುಂದೇನು ಎಂದು ಮರೆಯುತ್ತಾರೆ. ಅದನ್ನು ಕತ್ತರಿಸುತ್ತೇವೆ. ಕತ್ತರಿಸಿದ ಜಾಗ ಬರಿದಾಗಿದ್ದರೆ ಕೇಳುವವರ ಕಿವಿ ಗುಂಡಿಗೆ ಬಿದ್ದಂತಾಗುತ್ತದೆ. ಅದಕ್ಕೆ ಖಾಲಿ ಕೋಣೆಯ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಂಡು ಅಲ್ಲಿ ತೇಪೆ ಹಾಕುತ್ತೇವೆ. ಪ್ರತಿ ಸಲವೂ ಹೊಸದಾಗಿ ಮಾಡಬೇಕೆಂದು ನಿಯಮ. ನಾನು ಕೆಲಸಕ್ಕೆ ಸೇರಿದ ವಾರ ಒಮ್ಮೆ ಮಾಡಿದೆ. ಮೌನವೇನು ಹಳಸುವ ಪದಾರ್ಥವಲ್ಲವೆಂದು ಮೂವತ್ತೊಂದು ವರ್ಷ ಅದನ್ನೇ ಬಳಸಿದೆ. ಆ ದಿನ ಕೋಣೆ ಖಾಲಿ ಇತ್ತು, ನನ್ನನ್ನು ಬಿಟ್ಟರೆ.

ಶಿಕ್ಷೆಯಾಗುತ್ತದೆಂದು ಕಾದೆ. ಸಮಿತಿ ಮೊದಲು ಹತ್ತು ಉಪನ್ಯಾಸಗಳಿಂದ ಶಿಳ್ಳೆ ತೆಗೆಸಿ ವಿದ್ಯಾರ್ಥಿಗಳಿಗೆ ಕೇಳಿಸಿತು. ಎಲ್ಲಿ ಬರೆದುಕೊಳ್ಳಬೇಕು, ಎಲ್ಲಿ ಕೈಗೆ ಬಿಡುವು ಕೊಡಬೇಕು ಎಂದು ತಿಳಿಯುತ್ತಿಲ್ಲವೆಂದು ಅವರು ದೂರಿದರು. ತತ್ತ್ವಶಾಸ್ತ್ರದ ಪ್ರಾಧ್ಯಾಪಕರು ಲಿಖಿತ ಆಕ್ಷೇಪಣೆ ಸಲ್ಲಿಸಿದರು: ತಮ್ಮ ಉಪನ್ಯಾಸದ ಆಳವಾದ ಭಾಗಗಳೆಲ್ಲ ಕಾಣೆಯಾಗಿವೆ.

ಆದೇಶ ಹೊರಟಿತು. ಸದರಿ ಶಿಳ್ಳೆಯು ವಿಶ್ವವಿದ್ಯಾಲಯದ ಅಧಿಕೃತ ಮೌನವಾಗಿರತಕ್ಕದ್ದು. ಮೌನವನ್ನು ಪ್ರತಿ ಸಲ ಹೊಸದಾಗಿ ಧ್ವನಿಮುದ್ರಿಸುವ ನಿಯಮವನ್ನು ಇನ್ನು ಮುಂದೆ ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು. ಆ ಪ್ರಕಾರ ಸದರಿ ನೌಕರರು ನಿವೃತ್ತಿಯ ನಂತರವೂ ದಿನವೂ ಬಂದು ಉಸಿರಾಡತಕ್ಕದ್ದು. ಸದರಿ ಮೂಗನ್ನು ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು, ಶಸ್ತ್ರಚಿಕಿತ್ಸೆ ಮಾಡಿಸತಕ್ಕದ್ದಲ್ಲ. ನೆಗಡಿಯಾಗುವುದಿದ್ದಲ್ಲಿ ಮೂರು ದಿನ ಮುಂಚಿತವಾಗಿ ತಿಳಿಸತಕ್ಕದ್ದು.

ಹೆಂಡತಿ ಅದನ್ನು ಎರಡು ಸಲ ಓದಿದಳು.

"ಮದುವೆ ಆದಾಗ ಈ ಮೂಗು ನನ್ನ ತಲೆಗೆ ಕಟ್ಟಿದ್ರು," ಎಂದಳು. "ಇವರು ಯಾವಾಗ ತಗೊಂಡ್ರು?"

ಮರುದಿನ ನನ್ನನ್ನು ಎಳೆದುಕೊಂಡು ನಿರ್ದೇಶಕರ ಕೋಣೆಗೇ ಬಂದಳು. ಮೂವತ್ತು ವರ್ಷದಿಂದ ಕಣ್ತುಂಬ ನಿದ್ದೆ ಕಂಡಿಲ್ಲ, ಮೂರನೆಯ ತಾರೀಖಿಗೆಂದು ದಿನ ಎಣಿಸುತ್ತಿದ್ದೇನೆ ಎಂದಳು. ನಿರ್ದೇಶಕರು ಇದು ವಿದ್ಯಾರ್ಥಿಗಳ ಭವಿಷ್ಯದ ಪ್ರಶ್ನೆ ಎಂದರು. ನಿಯಮಾವಳಿಯನ್ನೂ ತಿರುವಿ ನೋಡಿದರು.

"ನಿದ್ದೆಗೆ ನಮ್ಮಲ್ಲಿ ವಿಭಾಗ ಇಲ್ಲಮ್ಮ."

"ಇಲ್ದೆ ಏನು? ಈಗ ಅಂಥಾ ಎರಡು ವಿಭಾಗ ದಾಟ್ಕೊಂಡೇ ಬಂದೆ."

ನಿರ್ದೇಶಕರು ಕನ್ನಡಕ ಒರೆಸಿಕೊಂಡರು. ಅವಳು ನನ್ನ ಕಡೆ ತಿರುಗಿದಳು.

"ರೀ, ಆ ಸ್ಟುಡಿಯೋ ಒಳಗೆ ಹೊರಗಿನ ಸದ್ದು ಬರಲ್ಲ ಅಂತ ಹೇಳ್ತಿದ್ರಲ್ಲ. ನಿಜಾನಾ?"

"ಹೂಂ."

"ನಿಮ್ಮ ಮೂಗಿನದೂ?"

"ನಾನು ಹೊರಗಿದ್ದರೆ ಬರಲ್ಲ."

ಅವಳು ಸ್ಟುಡಿಯೋ ಬಳಕೆಯ ಅರ್ಜಿ ನಮೂನೆ ಕೇಳಿದಳು. 'ಉದ್ದೇಶ' ಎಂಬಲ್ಲಿ 'ಸಂಶೋಧನೆ' ಎಂದು ಬರೆಯಲು ನಿರ್ದೇಶಕರೇ ಹೇಳಿಕೊಟ್ಟರು. ಹೊರಗಿನವರ ಅರ್ಜಿ ಅಲ್ಲಿ ಒಂದೇ ದಿನದಲ್ಲಿ ಮಂಜೂರಾದದ್ದು ಅದೊಂದೇ. ಮೂಗಿನ ವೈದ್ಯರಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿದೆ.

ನಾನು ನಿವೃತ್ತನಾಗಿ ಎರಡು ವರ್ಷವಾಯಿತು. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಒಳಗೆ ಕೂತು ಉಸಿರಾಡುತ್ತೇನೆ. ಹನ್ನೊಂದರಿಂದ ಐದರವರೆಗೆ ಅವಳು ಒಳಗೆ ಮಲಗುತ್ತಾಳೆ. ನಾನು ಬಾಗಿಲ ಮೇಲಿನ, ಧ್ವನಿಮುದ್ರಣ ನಡೆದಿದೆ ಎನ್ನುವ ಕೆಂಪು ದೀಪ ಹಾಕಿ ಹೊರಗೆ ಸ್ಟೂಲಿನ ಮೇಲೆ ಕೂರುತ್ತೇನೆ. ದೀಪ ಕಂಡವರು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಾರೆ. ತತ್ತ್ವಶಾಸ್ತ್ರದ ಪ್ರಾಧ್ಯಾಪಕರು ಹೋಗುವಾಗ ನನ್ನ ಮೂಗಿಗೆ ನಮಸ್ಕಾರ ಮಾಡುತ್ತಾರೆ. ಅವಳ ಕಣ್ಣಿನ ಕೆಳಗಿನ ಕಪ್ಪು ಹೋಗಿದೆ.

ಸ್ಟುಡಿಯೋಗೆ ಬಿಡುವಿಲ್ಲದ ಕಾರಣ ಉಪನ್ಯಾಸಗಳ ಧ್ವನಿಮುದ್ರಣವನ್ನು ನಿಲ್ಲಿಸಲಾಗಿದೆ. ಮೌನದ ಧ್ವನಿಮುದ್ರಣ ತಪ್ಪದೆ ನಡೆದಿದೆ.