ಆವಲಪ್ಪ ಎಕ್ಸ್‌ರೇಗೆ ಕೂತದ್ದು

"ನನ್ನ ಮಗ ಎಕ್ಸ್‌ರೇ ಮಿಷನ್ ಮುಂದೆ ಒಂದೇ ಒಂದು ಹನಿ ಕಣ್ಣೀರು ಹಾಕಿದ್ರೆ ನನ್ನ ಹೆಸರು ವೆಂಕಟರವಣಪ್ಪನೇ ಅಲ್ಲ!"

ಹೀಗೆಂದು ನಾನು ಶಿಡ್ಲಘಟ್ಟದ ನಮ್ಮ ನಡುಮನೆಯಲ್ಲಿ ಎದೆಯುಬ್ಬಿಸಿ ನಿಂತು ಘೋಷಿಸಿದಾಗ ನನ್ನ ಹೆಂಡತಿ ರಾಮಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ತಲೆಯನ್ನೂ ಎತ್ತದೆ, "ಹೊಸ ಹೆಸರು ಏನಿಟ್ಕೋತೀರ, ಈಗ್ಲೇ ಯೋಚನೆ ಮಾಡಿಟ್ಕೊಳ್ಳಿ," ಎಂದಳು.

ಆದದ್ದಿಷ್ಟು. ನಮ್ಮ ಮಗ ಆವಲಪ್ಪ, ಮುತ್ತಾತನ ಹೆಸರು ಹೊತ್ತ ಎರಡೂವರೆ ವರ್ಷದ ಹಿರಿಯರು, ಒಂದು ಕೋಳಿಯನ್ನು ಬೆನ್ನಟ್ಟಿ ಜಗಲಿಯಿಂದ ಹಾರಿದ್ದರು. ಕೋಳಿಗೇನೂ ಆಗಲಿಲ್ಲ. ಆವಲಪ್ಪನವರು ಮಾತ್ರ ಅಂದಿನಿಂದ ಎಡಗಾಲು ನೆಲಕ್ಕೆ ಊರುತ್ತಿರಲಿಲ್ಲ. ಮುಟ್ಟಿದರೆ ಸಾಕು, ರೇಷ್ಮೆ ಮಾರುಕಟ್ಟೆಯವರೆಗೂ ಕೇಳುವಂತೆ ಕಿರುಚುತ್ತಿದ್ದರು. ಊರಿನ ಡಾಕ್ಟರು ನೋಡಿ, "ಮೂಳೆ ಬಿರುಕು ಬಿಟ್ಟಿದೆಯೋ ಏನೋ, ಚಿಕ್ಕಬಳ್ಳಾಪುರಕ್ಕೆ ಹೋಗಿ ಎಕ್ಸ್‌ರೇ ತೆಗೆಸಿ. ಮಗು ಮಾತ್ರ ಅಲ್ಲಾಡಬಾರದು. ಅಲ್ಲಾಡಿದರೆ ಪ್ಲೇಟ್ ಕೆಟ್ಟುಹೋಗುತ್ತೆ," ಎಂದರು.

ಮನೆಗೆ ಮರಳುವ ದಾರಿಯಲ್ಲಿ ರಾಮಲಕ್ಷ್ಮಮ್ಮ ಮೆಲ್ಲಗೆ ಕೇಳಿದಳು, "ಏನೂಂದ್ರೆ, ಮಗು ಕುಂಟ ಆಗ್ಬಿಡುತ್ತಾ?"

ನನಗೂ ಅದೇ ಹೆದರಿಕೆ. ಆದರೆ ನಾನು ಗಂಡಸು, ಮೇಲಾಗಿ ರೇಷ್ಮೆ ಇಲಾಖೆಯ ಇನ್‌ಸ್ಪೆಕ್ಟರು! ಹೆದರಿಕೆಯಾದಾಗ ಭಾಷಣ ಮಾಡುವುದು ನನ್ನ ಹುಟ್ಟುಗುಣ. ಮನೆಗೆ ಬಂದವನೇ ಮೇಲಿನ ಘೋಷಣೆಯನ್ನು ಹೊರಡಿಸಿದೆ.

ಎರಡೂವರೆ ವರ್ಷದ ಹುಡುಗನನ್ನು ಅಲ್ಲಾಡದಂತೆ ಇಡುವುದು ಹೇಗೆ? ಉಪಾಯ ನನ್ನ ಕಸುಬಿನಲ್ಲೇ ಇತ್ತು! ರೇಷ್ಮೆಹುಳು ಪೊರೆ ಬಿಡುವ ಮುನ್ನ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಮಿಸುಕದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ "ಹುಳ ಜ್ವರಕ್ಕೆ ಕೂತಿದೆ" ಎನ್ನುತ್ತಾರೆ. ಮನೆಯಲ್ಲೇ ನಾಲ್ಕು ತಟ್ಟೆ ಹುಳ ಸಾಕಿದ್ದೆವು. ಆವಲಪ್ಪನನ್ನು ಎತ್ತಿಕೊಂಡು ಹೋಗಿ ತೋರಿಸಿದೆ. ಅವನು ಬಾಯಿ ಬಿಟ್ಟುಕೊಂಡು ನೋಡಿದ.

"ಈಗ ನೀನೂ ಹುಳ! ಎಲ್ಲಿ, ಹುಳ ಜ್ವರಕ್ಕೆ..."

"ಬಿಡ್ತು ಅನ್ನಿ! ಮಗೂಗೆ ಜ್ವರ ಗಿರ ಅಂತ ಅನ್ಬೇಡಿ," ಎಂದಳು ರಾಮಲಕ್ಷ್ಮಮ್ಮ.

"ಆಯ್ತು ಬಿಡ್ತು. ಹುಳ ಕೂತ್ಕೊಂತು!"

ಅಂದು ಸಂಜೆಯೇ ತಾಲೀಮು ಶುರುವಾಯಿತು. ಸೀಮೆಎಣ್ಣೆ ಡಬ್ಬ ಹಗ್ಗದಲ್ಲಿ ನೇತಾಡಿ ಎಕ್ಸ್‌ರೇ ಮಿಷನ್ನಾಯಿತು. ಕಿಟಕಿಗೆ ಹೆಂಡತಿಯ ಧಾರೆಸೀರೆ ಕಟ್ಟಿ ಕತ್ತಲೆ ಕೋಣೆ ಮಾಡಿದೆ. (ಆ ಸೀರೆಯ ವಿಷಯವಾಗಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವಂತಿಲ್ಲ.) "ಹುಳ ಕೂತ್ಕೊಂತು!" ಎಂದರೆ ಆವಲಪ್ಪ ಚಾಪೆಯ ಮೇಲೆ ಕೂತು, ಕಾಲು ಚಾಚಿ, ಗದ್ದ ಎತ್ತಿ ಬಿಗಿಯಾಗಬೇಕು. ಬೆನ್ನ ಮೇಲೆ ಹಿಪ್ಪುನೇರಳೆ ಸೊಪ್ಪು ಬಿದ್ದಾಗ ಏಳಬೇಕು. ಎದ್ದ ಹುಳಕ್ಕೆ ಬೆಲ್ಲದ ಚೂರು. ಸೊಪ್ಪು ಬೀಳುವ ಮೊದಲೇ ಏಳುವ ಹುಳ ಕೆಟ್ಟ ಹುಳ ಎಂದು ನಾನೇ ಕಣ್ಣರಳಿಸಿ ಬೋಧಿಸಿದೆ. ಎರಡು ದಿನಕ್ಕೆ ಹುಡುಗ ಎಷ್ಟು ಪಳಗಿದನೆಂದರೆ ಮೂಗಿನ ಮೇಲೆ ನೊಣ ಕೂತರೂ ರೆಪ್ಪೆ ಮಿಟುಕಿಸಲಿಲ್ಲ!

"ನೋಡಿದ್ಯಾ?" ಎಂದೆ ಹೆಂಡತಿಗೆ.

"ನೋಡ್ದೆ. ನಿಮ್ಮ ಮಗ ಅಲ್ವಾ, ಬೆಲ್ಲ ಕೊಟ್ರೆ ಏನಾದ್ರೂ ಮಾಡ್ತಾನೆ."

ಮರುದಿನ ಬೆಳಿಗ್ಗೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆವು. ಚೀಲದಲ್ಲಿ ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು ಭದ್ರವಾಗಿ ಇಟ್ಟಿದ್ದೆ. ಹಿಂದಿನ ಸೀಟಿನವರು ಮೇಕೆಯೊಂದನ್ನು ಜೊತೆಗೆ ಕರೆತಂದಿದ್ದರು. ನಾನು ಅದೇ ಹೊತ್ತಿಗೆ ಪಕ್ಕದವರಿಗೆ ನನ್ನ ಶಿಶುಶಿಕ್ಷಣ ಪದ್ಧತಿಯನ್ನು ವಿವರಿಸುತ್ತಿದ್ದೆ. ಚಿಕ್ಕಬಳ್ಳಾಪುರ ಬರುವಷ್ಟರಲ್ಲಿ ಮೇಕೆಯ ಬಾಯಿಂದ ಸೊಪ್ಪಿನ ಒಂದು ತೊಟ್ಟು ಮಾತ್ರ ಹೊರಗೆ ಕಾಣುತ್ತಿತ್ತು. "ಪರವಾಗಿಲ್ಲ," ಎಂದೆ, "ಕೂರಿಸೋಕೆ ಸೊಪ್ಪು ಯಾಕೆ?"

ಆಸ್ಪತ್ರೆಯ ದೊಡ್ಡ ಡಾಕ್ಟರ ಕೋಣೆಗೆ ಕಾಲಿಟ್ಟ ಕೂಡಲೇ ಮಗುವಿನ ಕೆಳತುಟಿ ನಡುಗಿತು. ನನ್ನ ಮಾನ ಹೋಗುವ ಹೊತ್ತು! ತಡಮಾಡದೆ ಮಂತ್ರ ಹಾಕಿದೆ: "ಆವಲಪ್ಪಾ, ಹುಳ ಕೂತ್ಕೊಂತು!"

ಆವಲಪ್ಪ ಬೆಂಚಿನ ಮೇಲೆ ಕೂತ. ಗದ್ದ ಮೇಲೆ. ಕಣ್ಣು ಸೂರಿನ ಕಡೆಗೆ. ನಾನು ಹೆಮ್ಮೆಯಿಂದ ಸುತ್ತಲೂ ನೋಡಿದೆ.

ಡಾಕ್ಟರು ಕಾಲು ಒತ್ತಿದರು. ಹುಳ ಮಿಸುಕಲಿಲ್ಲ. ಮತ್ತೊಮ್ಮೆ ಒತ್ತಿದರು. ಊಹೂಂ! ಡಾಕ್ಟರ ಮುಖ ಗಂಭೀರವಾಯಿತು. ಗದ್ದ ಹಿಡಿದು ಕತ್ತು ಬಗ್ಗಿಸಲು ನೋಡಿದರು. ಕತ್ತು ಒನಕೆಯ ಹಾಗೆ ಬಿಗಿದುಕೊಂಡಿತ್ತು.

"ಯಾವಾಗಿಂದ ಹೀಗಿದೆ ಮಗು?"

"ಈಗ್ತಾನೆ ಸಾರ್. ನಾನೇ ಮಾಡಿದ್ದು!" ಎಂದೆ, ಹಲ್ಲು ಕಿರಿದು.

"ಕತ್ತು ಸೆಟೆದಿದೆ, ನೋವು ಗೊತ್ತಾಗ್ತಿಲ್ಲ. ಇದು ಕಾಲಿನ ಕೇಸಲ್ಲ. ಅಡ್ಮಿಟ್ ಮಾಡ್ಬೇಕು. ಸಿಸ್ಟರ್!"

ನನ್ನ ನಗು ಅಲ್ಲೇ ನಿಂತಿತು. "ಸಾರ್, ಸಾರ್, ಇದು ಆಟ! ಆವಲಪ್ಪಾ, ಸಾಕು, ಏಳಪ್ಪ!"

ಏಳಲಿಲ್ಲ. ಸೊಪ್ಪು ಎಲ್ಲಿ? ಮೇಕೆಯ ಹೊಟ್ಟೆಯಲ್ಲಿ! ಕೆಟ್ಟ ಹುಳ ಅನ್ನಿಸಿಕೊಳ್ಳಲು ನನ್ನ ಮಗ ಸಿದ್ಧನಿರಲಿಲ್ಲ. ಡಾಕ್ಟರು ನನ್ನ ವಿವರಣೆ ಕೇಳಿ, ಪರೀಕ್ಷೆ ಮಾಡಬೇಕಾದದ್ದು ಮಗುವನ್ನೋ ತಂದೆಯನ್ನೋ ಎಂಬಂತೆ ನೋಡಿದರು. ಬೇರೆ ದಾರಿಯಿಲ್ಲದೆ ನಾನೇ ನೆಲದ ಮೇಲೆ ಕೂತು, ಕಾಲು ಚಾಚಿ, ಗದ್ದ ಎತ್ತಿ ತೋರಿಸಿದೆ.

ಅದೇ ಗಳಿಗೆಯಲ್ಲಿ ಬಾಗಿಲಲ್ಲಿ ಒಂದು ತಲೆ ಕಾಣಿಸಿತು. ರಾಮಾಂಜಿನಪ್ಪ! ಪ್ರತಿ ಬೆಳೆಗೂ ನಾನು ಗದರಿಸಿ ಬುದ್ಧಿ ಹೇಳುತ್ತಿದ್ದ ರೈತ.

"ಅಯ್ಯೋ ದೇವುಡಾ! ಏಮಾಯೆ ಸಾಮಿ ನಿಮ್ಗೆ?"

"ಏನೂ ಆಗಿಲ್ಲ ಕಣಯ್ಯ, ಹುಳ ಹೆಂಗೆ ಕೂರುತ್ತೆ ಅಂತ ತೋರಿಸ್ತಾ ಇದೀನಿ!"

"ಡಾಕ್ಟ್ರು ಯಾವಾಗ ಹುಳ ಸಾಕೋಕೆ ಸುರು ಮಾಡುದ್ರು?"

ಅವನ ಎಲೆಯಡಿಕೆ ಚೀಲಕ್ಕೆ ಕೈಹಾಕಿ ಒಂದು ವೀಳ್ಯದೆಲೆ ಎಳೆದು ಮಗುವಿನ ಬೆನ್ನ ಮೇಲಿಟ್ಟೆ. ಆವಲಪ್ಪ ತುಟಿ ಮಾತ್ರ ಅಲ್ಲಾಡಿಸಿ, "ಇದು ಸೊಪ್ಪಲ್ಲ," ಎಂದು ತೀರ್ಪು ಕೊಟ್ಟು ಮತ್ತೆ ಬಿಗಿಯಾದ. ಇನ್‌ಸ್ಪೆಕ್ಟರ ಮಗನಲ್ಲವೇ!

ರಾಮಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ಆವಲಪ್ಪಾ, ಅಮ್ಮ ಊರಿಗೆ ಹೋಗ್ತೀನಪ್ಪ. ನೀನು ಹುಳ ಆಗ್ಕೊಂಡು ಇಲ್ಲೇ ಇರು," ಎಂದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಳು.

"ಅಮ್ಮಾಆಆ! ಕಾಲು ನೋವೂಊ!"

ಆಸ್ಪತ್ರೆಯ ಹಂಚು ಹಾರಿಹೋಗಬೇಕು, ಅಂಥ ಅಳು! ಮಗುವಿನ ಅಳುವಿಗೆ ಅಷ್ಟು ಸಂತೋಷಪಟ್ಟ ಡಾಕ್ಟರನ್ನು ನಾನು ಇನ್ನೆಲ್ಲೂ ಕಂಡಿಲ್ಲ. "ಕತ್ತು ಸರಿಯಾಗಿದೆ, ಗಂಟಲೂ ಸರಿಯಾಗಿದೆ. ಹೋಗಿ, ಕಾಲಿನ ಎಕ್ಸ್‌ರೇ ತೆಗೆಸಿ," ಎಂದರು. ನನ್ನ ಕಡೆ ತಿರುಗಿ, "ನೀವು ಮಾತಾಡಬೇಡಿ," ಎಂದೂ ಸೇರಿಸಿದರು.

ಎಕ್ಸ್‌ರೇ ಕೋಣೆಯಲ್ಲಿ ನರ್ಸಮ್ಮ ಮಗುವಿನ ಕಾಲ್ಗಡಗ ಬಿಚ್ಚಿಸಿದರು. ನನಗೆ ಸೀಸದ ನಿಲುವಂಗಿಯೊಂದನ್ನು ತೊಡಿಸಿದರು. ಮಿಷನ್ ಓಡಿಸುವವರ ಹೆಸರು ಸಾದಿಕ್ ಪಾಷಾ. "ನೋವೇನೂ ಇಲ್ಲ ಬೇಟಾ, ಫೋಟೋ ತೆಗ್ದಂಗೆ," ಎಂದು ಮಗುವಿಗೆ ಹೇಳಿ, ನನಗೆ, "ಪಾದ ಹಿಡ್ಕೊಂಡು ಉಸಿರು ಬಿಗಿಹಿಡೀರಿ ಸಾಹೇಬ್ರೇ," ಎಂದರು.

ರಾಮಲಕ್ಷ್ಮಮ್ಮ ಬಾಗಿಲಾಚೆಯಿಂದ ಮೆಲ್ಲಗೆ, "ಹುಳ ಕೂತ್ಕೊಂತು ಕಂದಾ," ಎಂದಳು. ಆವಲಪ್ಪ ಬಿಕ್ಕು ನುಂಗಿ ಬಿಗಿಯಾದ. ಆ ಪುಟ್ಟ ಪಾದ ನನ್ನ ಅಂಗೈಯೊಳಗೆ ಬೆಚ್ಚಗೆ ಕೂತಿತ್ತು. ಅದನ್ನು ನೋಡಿದ್ದೇ ತಪ್ಪಾಯಿತು ನೋಡಿ! ಈ ಕಾಲು ಇನ್ನು ಓಡದಿದ್ದರೆ? ಕೋಳಿಯ ಹಿಂದೆ ಹೋಗದಿದ್ದರೆ? ಹೆಂಡತಿ ಕೇಳಿದ ಪ್ರಶ್ನೆಗೆ ನಾನು ಉತ್ತರವನ್ನೇ ಕೊಟ್ಟಿರಲಿಲ್ಲ, ಬರೀ ಭಾಷಣ ಮಾಡಿದ್ದೆ. ಮಿಷನ್ ಗುರ್ ಎಂದಿತು.

ಪಾಷಾ ಸಾಹೇಬರು ಪ್ಲೇಟ್ ತೊಳೆದು ಬೆಳಕಿಗೆ ಹಿಡಿದರು. ಅಂಬಲಿ ಕದಡಿದಂತೆ ಇತ್ತು.

"ಬಚ್ಚಾ ಅಲ್ಲಾಡೇ ಇಲ್ಲ ಸಾಹೇಬ್ರೇ. ಹಿಡ್ಕೊಂಡಿರೋ ಕೈ ನಡುಗಿದೆ. ಮಗೂ ತಾಯೀನ ಕರೀರಿ."

ನನ್ನ ನಿಲುವಂಗಿ ಬಿಚ್ಚಿ ಅವಳಿಗೆ ತೊಡಿಸಿದರು. ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಬಾಗಿಲು ಮುಚ್ಚಿತು. ಅಲ್ಲಿ, ಚಿಕ್ಕಬಳ್ಳಾಪುರದ ಆ ಬೆಂಚಿನ ಮೇಲೆ, ರೇಷ್ಮೆ ಇನ್‌ಸ್ಪೆಕ್ಟರ್ ವೆಂಕಟರವಣಪ್ಪನವರು ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತುಬಿಟ್ಟರು! ನಮ್ಮ ಹಿಂದೆಯೇ ಬಂದಿದ್ದ ರಾಮಾಂಜಿನಪ್ಪ ಪಕ್ಕದಲ್ಲಿ ಕೂತು ಟವೆಲ್ ಕೊಟ್ಟ.

ಬಾಗಿಲು ತೆರೆದಾಗ ಡಾಕ್ಟರೂ ಬಂದಿದ್ದರು. ಈ ಸಲದ ಪ್ಲೇಟ್ ಕನ್ನಡಿಯಷ್ಟು ಚೊಕ್ಕಟವಾಗಿತ್ತು. "ಕೂದಲೆಳೆಯಷ್ಟು ಬಿರುಕು, ಅಷ್ಟೇ. ಎಳೇ ಮೂಳೆ, ತಾನೇ ಕೂಡ್ಕೊಳ್ಳುತ್ತೆ. ಪಟ್ಟಿ ಹಾಕ್ತೀವಿ. ನಿಮ್ಮ ಮುಂದಿನ ಬೆಳೆಯ ಹುಳ ಗೂಡು ಕಟ್ಟೋ ಹೊತ್ತಿಗೆ ಓಡಾಡ್ತಾ ಇರ್ತಾನೆ," ಎಂದರು.

"ಕುಂಟು ಏನೂ ಉಳಿಯಲ್ಲ ತಾನೆ ಸಾರ್?" ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

"ಒಂದು ಚೂರೂ ಉಳಿಯಲ್ಲ."

ರಾಮಲಕ್ಷ್ಮಮ್ಮ ಮಗುವನ್ನು ಎದೆಗವಚಿಕೊಂಡು ನನ್ನ ಕಡೆ ನೋಡಿ ನಕ್ಕಳು. ಮದುವೆಯ ದಿನವೂ ಅವಳು ಹಾಗೆ ನಕ್ಕಿರಲಿಲ್ಲ.

ಆಗ ನರ್ಸಮ್ಮ ಜೇಬಿನಿಂದ ಒಂದು ಪೆಪ್ಪರ್‌ಮಿಂಟ್ ತೆಗೆದರು. ಆವಲಪ್ಪ ಕೈ ಚಾಚಿದ.

"ಇದು ಎಕ್ಸ್‌ರೇಗೆ ಹೆದರ್ಕೊಂಡು ಅತ್ತವರಿಗೆ ಕಣೋ ರಾಜ. ನೀನು ಒಳಗೆ ಅಳ್ಲೇ ಇಲ್ವಲ್ಲ!" ಎಂದು ಹೇಳಿ ಅದನ್ನು ನನ್ನ ಅಂಗೈಯಲ್ಲಿಟ್ಟರು. "ತಗೊಳ್ಳಿ, ಬಾಯಿಗೆ ಹಾಕ್ಕೊಳ್ಳಿ. ಎಲ್ಲಾ ಮುಗೀತು."

ಆವಲಪ್ಪ ನನ್ನ ಮುಖವನ್ನು ಕರುಣೆಯಿಂದ ನೋಡಿದ.

"ಅಪ್ಪಾ, ಅಳ್ಬೇಡ ಕಣೋ," ಎಂದ. "ಕಚ್ಚಿ, ನಂಗರ್ಧ ಕೊಡು."