ಸಂಗೀತ ಸಮುಚ್ಚಯದ ನೆಮ್ಮದಿ ಕೆಡಿಸಿದ ಪಿಟೀಲು

ಶಬ್ದ ಶಿಸ್ತು ವಿಭಾಗದ ಮುಖ್ಯಸ್ಥರಿಗೆ,
ಬೃಹತ್ ಸಂಗೀತ ರಂಗಮಂದಿರ ಮತ್ತು ಮನರಂಜನಾ ಸಮುಚ್ಚಯ (ಇನ್ನೂ ಕಟ್ಟುತ್ತಿರುವುದು)

ಮಾನ್ಯರೇ,

ತಮ್ಮ ಕಟ್ಟಡದ ನೆರಳಿನಲ್ಲಿ ಹಗಲಲ್ಲೂ ದೀಪ ಹಾಕಿಕೊಂಡು ಬಾಳುವ ಭಾಗ್ಯ ಪಡೆದ, ಎದುರಿನ ಇಸ್ತ್ರಿ ಅಂಗಡಿಯ ಮೇಲಿನ ಮನೆಯಲ್ಲಿ ಪಿಟೀಲು ಕಲಿಸುವ ಹೆಂಗಸಿನ ಸವಿನಯ ನಮಸ್ಕಾರಗಳು. ತಾವೂ, ತಮ್ಮ ಕ್ರೇನುಗಳೂ, ನಮಗಿಂತ ಮೊದಲೇ ಎದ್ದು ಗುಡುಗುವ ತಮ್ಮ ಕಾಂಕ್ರೀಟ್ ಯಂತ್ರವೂ ಕ್ಷೇಮವೆಂದು ಭಾವಿಸುತ್ತೇನೆ. ಭಾವಿಸುವುದೇನು ಬಂತು, ಕೇಳಿಸುತ್ತಲೇ ಇದೆ.

ಕಳೆದ ವಾರ ತಮ್ಮ ಕಚೇರಿಯಿಂದ ನಮಗೊಂದು ನೋಟೀಸು ದಯಪಾಲಿಸಿದಿರಿ. ರಂಗಮಂದಿರದ ಒಳಗಿನ ಕೆಲಸ ಮುಗಿಯುತ್ತಾ ಬಂದಿರುವುದರಿಂದ ಅಲ್ಲಿ ಸದ್ದು ಹೇಗೆ ಹರಡುತ್ತದೆಂಬ ಪರೀಕ್ಷೆ ನಡೆಯುತ್ತಿದೆಯೆಂದೂ, ನಮ್ಮ ಕಿಟಕಿಯಿಂದ ‘ತಂತಿವಾದ್ಯದ ಅಸಹನೀಯ ಸದ್ದು’ ಪದೇ ಪದೇ ಬಂದು ಆ ಪರೀಕ್ಷೆಯನ್ನು ಹಾಳುಮಾಡುತ್ತಿದೆಯೆಂದೂ, ಆದಕಾರಣ ಉದ್ಘಾಟನೆಯವರೆಗೆ ಅಭ್ಯಾಸ ನಿಲ್ಲಿಸಿ ನಿಶ್ಶಬ್ದ ಕಾಪಾಡತಕ್ಕದ್ದೆಂದೂ ಅದರಲ್ಲಿ ಅಪ್ಪಣೆಯಾಗಿತ್ತು. ಓದಿ ನನಗೆ ಹೆಮ್ಮೆಯಿಂದ ಎದೆಯುಬ್ಬಿತು. ಇಡೀ ಬಡಾವಣೆಯಷ್ಟು ದೊಡ್ಡ ಸಂಗೀತದ ಮನೆಗೆ ಒಂದು ಪಿಟೀಲಿನಿಂದ ನೆಮ್ಮದಿ ಕೆಟ್ಟಿದೆಯೆಂದರೆ, ನಾನು ಇಷ್ಟು ವರ್ಷ ಕಲಿಸಿದ್ದು ನೀರಿನಲ್ಲಿ ಹೋಮ ಮಾಡಿದಂತೆ ಆಗಲಿಲ್ಲ ಎಂದಾಯಿತು.

ನಮ್ಮ ಕಡೆಯಿಂದ ತಮಗಾದ ತೊಂದರೆಯನ್ನು ಮಾತ್ರ ಹೇಳಿ, ತಮ್ಮಿಂದ ನಮಗಾದ ಉಪಕಾರಗಳನ್ನು ಮರೆತರೆ ನಾನು ಕೃತಘ್ನಳಾಗುತ್ತೇನೆ. ತಾವು ಬುನಾದಿಗೆ ಕಂಬ ಬಡಿಯುತ್ತಿದ್ದ ಕಾಲದಲ್ಲಿ ನನ್ನ ಶಿಷ್ಯರ ಲಯ ಎಷ್ಟು ಗಟ್ಟಿಯಾಯಿತೆಂದರೆ, ಆ ಯಂತ್ರ ಊಟಕ್ಕೆ ನಿಂತಾಗ ಅವರ ಕಮಾನೂ ತಾನಾಗಿ ನಿಂತುಬಿಡುತ್ತಿತ್ತು. ತಮ್ಮ ಲಾರಿಗಳು ಹಿಂದಕ್ಕೆ ಬರುವಾಗ ಕೂಗುವ ಕೂಗು ಎಷ್ಟು ಶುದ್ಧವೆಂದರೆ, ಎರಡನೆಯ ತಂತಿಯನ್ನು ನಾವು ಅದಕ್ಕೇ ಶ್ರುತಿ ಮಾಡಿಕೊಳ್ಳುತ್ತಿದ್ದೆವು. ಒಮ್ಮೆ ಚಾವಣಿಯ ಗಾರೆ ಉದುರಿ ನನ್ನ ಶಿಷ್ಯರಾದ ಹಲ್ಲಿನ ಡಾಕ್ಟರ ಬೋಳುತಲೆಯ ಮೇಲೆ ಬಿತ್ತು. ಅವರು ಅದನ್ನು ತಮ್ಮ ವಾದನಕ್ಕೆ ಸಿಕ್ಕ ಮೆಚ್ಚುಗೆಯೆಂದೇ ತಿಳಿದು ಇನ್ನೊಮ್ಮೆ ನುಡಿಸಿದರು. ಇದಕ್ಕೆಲ್ಲ ನಾವು ಯಾವತ್ತಾದರೂ ಒಂದು ನೋಟೀಸು ಕಳಿಸಿದೆವೇ? ಕೆಳಗಿನ ಇಸ್ತ್ರಿಯವನು ಮಾತ್ರ, ಮಡಿಸಿಟ್ಟ ಬಿಳಿ ಅಂಗಿಗಳೆಲ್ಲ ಸಿಮೆಂಟಿನ ಬಣ್ಣಕ್ಕೆ ತಿರುಗಿದ ದಿನ ಏನೋ ಅಂದ. ಅದನ್ನು ಇಲ್ಲಿ ಬರೆಯಲು ನನ್ನ ಲೇಖನಿ ನಾಚುತ್ತದೆ.

ಇನ್ನು ಆ ಅಸಹನೀಯ ಸದ್ದಿನ ವಿಚಾರ. ಅದು ನನ್ನ ಅತ್ತೆಯವರದು. ಅವರು ದುಡಿದಷ್ಟು ಕಾಲವೂ ಒಂದು ಗ್ರಂಥಾಲಯದಲ್ಲಿ, ಬಾಯಿ ತೆರೆದವರ ಕಡೆ ಕನ್ನಡಕದ ಮೇಲಿಂದ ನೋಡಿ ‘ಶ್’ ಎನ್ನುವ ಕೆಲಸ ಮಾಡಿದವರು. ನಿವೃತ್ತರಾದ ಮಾರನೆಯ ದಿನ ನನ್ನ ಪಾಠದ ಕೋಣೆಗೆ ಬಂದು, “ಇಷ್ಟು ವರ್ಷ ಬೇರೆಯವರ ಬಾಯಿ ಮುಚ್ಚಿಸಿದ್ದಾಯ್ತು ಕಣೇ, ಇನ್ಮೇಲೆ ನಾನೂ ಸ್ವಲ್ಪ ಸದ್ದು ಮಾಡ್ತೀನಿ” ಎಂದು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡರು. ಅಂದಿನಿಂದ ಅವರು ನುಡಿಸುವುದು ಒಂದೇ ಧಾಟಿ, ಹೊಸಬರಿಗೆಂದು ನಾನೇ ಕಟ್ಟಿದ್ದು. ಅದರ ಕೊನೆಯ ಸ್ವರಕ್ಕೆ ಬಂದಾಗ ಅತ್ತೆ, ಇನ್ನೊಂದು ಮೆಟ್ಟಿಲಿದೆಯೆಂದುಕೊಂಡು ಕಾಲಿಟ್ಟವರ ಹಾಗೆ, ಒಂದು ಸ್ವರ ಕೆಳಕ್ಕೆ ಜಾರಿ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತಾರೆ. ನಾನು ಹೇಳದ ರೀತಿಯಿಲ್ಲ. “ನನಗೆ ಸರಿಯಾಗೇ ಕೇಳಿಸ್ತಿದೆ, ನಿನ್ನ ಕಿವೀನ ಯಾರಿಗಾದ್ರೂ ತೋರಿಸ್ಕೋ” ಎಂಬುದು ಅವರ ಉತ್ತರ. ಪಿಟೀಲು ಕುಯ್ಯುವುದು ಎಂಬ ಮಾತನ್ನು ಮೊದಲು ಆಡಿದವರು ನಮ್ಮ ಕಿಟಕಿಯ ಕೆಳಗೇ ನಿಂತು ಆಡಿರಬೇಕೆಂದು ನನ್ನ ಯಜಮಾನರ ಊಹೆ. ಅದನ್ನು ಅವರು ತಾಯಿಯ ಮುಂದೆ ಹೇಳುವುದಿಲ್ಲ.

ತಮ್ಮ ನೋಟೀಸನ್ನು ಬೇರೆ ಯಾರು ಓದಿದ್ದರೂ ಬೈದು ಬಿಸಾಡುತ್ತಿದ್ದರು. ತಮ್ಮ ಅದೃಷ್ಟಕ್ಕೆ ಅದು ಅತ್ತೆಯ ಕೈಗೆ ಸಿಕ್ಕಿತು. ಮೂರು ಹೊತ್ತೂ ನಿಶ್ಶಬ್ದದ ಬೋರ್ಡಿನ ಕೆಳಗೇ ಕೂತು ಬದುಕು ಸವೆಸಿದವರಿಗೆ ಆ ಪದ ಕಂಡರೆ ಸಾಕು. “ನಿಶ್ಶಬ್ದ ಅಂತ ಬರೆದ್ಮೇಲೆ ಮುಗೀತು, ವಾದ ಮಾಡಬಾರ್ದು” ಎಂದು ಪಿಟೀಲನ್ನು ಪೆಟ್ಟಿಗೆಗೆ ಹಾಕಿ ಮಂಚದ ಕೆಳಗೆ ತಳ್ಳಿದರು. ಅಷ್ಟಕ್ಕೇ ನಿಲ್ಲಲಿಲ್ಲ, ಟಿವಿಯ ಸದ್ದು ತಗ್ಗಿಸಿದರು, ಕುಕ್ಕರ್ ಕೂಗಿದರೆ ಅದಕ್ಕೂ ‘ಶ್’ ಎಂದರು, ಮನೆಯೊಳಗೆ ತುದಿಗಾಲಲ್ಲಿ ಓಡಾಡತೊಡಗಿದರು. ಬರೀ ಕುರ್ಚಿಯಷ್ಟೇ ಕಿಟಕಿಯ ಬಳಿ ಉಳಿಯಿತು. ಆ ತಪ್ಪು ಸ್ವರ ಕೇಳಿದಾಗಲೆಲ್ಲ ಹಲ್ಲು ಕಡಿಯುತ್ತಿದ್ದ ನನಗೆ, ಅದು ಇಲ್ಲದ ಮನೆಯಲ್ಲಿ ಅನ್ನ ಸೇರಲಿಲ್ಲ. ಅಡಿಗೆಮನೆಯಲ್ಲಿ ನಿಂತು ಅತ್ತೂಬಿಟ್ಟೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಹೀಗಿರುವಾಗ ನಿನ್ನೆ ಮಧ್ಯಾಹ್ನ ತಮ್ಮಲ್ಲಿ ಮಹತ್ವದ ಪರೀಕ್ಷೆಯೊಂದು ನಡೆಯಿತಷ್ಟೆ. ಅಲ್ಲಿಗೆ ಇಸ್ತ್ರಿ ಬಟ್ಟೆ ಕೊಡಲು ಹೋಗಿದ್ದ ನಮ್ಮ ಕೆಳಗಿನವನು ಕಣ್ಣಾರೆ ಕಂಡು ಬಂದು ಹೇಳಿದ್ದರಿಂದ ನನಗೆ ಗೊತ್ತು. ಜನರ ದನಿ ಈ ಮಂದಿರದಲ್ಲಿ ಹೇಗೆ ಕೇಳಿಸುತ್ತದೆಂದು ನೋಡಬೇಕು, ಎಲ್ಲರೂ ನಡುವೆ ನಿಂತು ಒಟ್ಟಿಗೆ ಏನಾದರೂ ಹಾಡಿ ಎಂದು ತಮ್ಮ ಇಂಜಿನಿಯರು ಬಣ್ಣ ಬಳಿಯುವವರನ್ನೂ ವೆಲ್ಡರುಗಳನ್ನೂ ಕಸ ಗುಡಿಸುವ ಹೆಂಗಸರನ್ನೂ ಕೇಳಿಕೊಂಡರಂತೆ. ಅವರೆಲ್ಲ ಒಂದೊಂದು ಕಡೆಯಿಂದ ಬಂದವರು. ಒಬ್ಬರಿಗೆ ಬರುವ ಹಾಡು ಇನ್ನೊಬ್ಬರಿಗೆ ಬಾರದು. ಮುಖ ಮುಖ ನೋಡಿಕೊಂಡು ನಿಂತವರಲ್ಲಿ ಯಾರೋ ಒಬ್ಬರು ಮೆಲ್ಲಗೆ ಶುರು ಮಾಡಿದರಂತೆ. ಉಳಿದವರೆಲ್ಲ ನಗುತ್ತಾ ಸೇರಿಕೊಂಡರಂತೆ. ಕಟ್ಟಡ ಎದ್ದಷ್ಟು ದಿನವೂ ನಮ್ಮ ಕಿಟಕಿಯ ಎದುರು ದುಡಿದ ಅವರೆಲ್ಲರಿಗೂ ಬಾಯಿಪಾಠವಾಗಿದ್ದ ಧಾಟಿ ಒಂದೇ ಅಲ್ಲವೇ?

ತಮ್ಮ ಬಾಗಿಲುಗಳನ್ನು ಇನ್ನೂ ಕೂರಿಸಿಲ್ಲವಾದ್ದರಿಂದ ಅದು ನೇರ ನಮ್ಮ ಕೋಣೆಗೇ ಬಂತು. ಅಷ್ಟೊಂದು ಗಂಟಲುಗಳಿಂದ, ತಮ್ಮ ಅಮೋಘ ಗೋಡೆಗಳಿಗೆ ತಾಗಿ, ತುಂಬಿ, ಅತ್ತೆಯ ಧಾಟಿ ಬಂತು. ಕೊನೆಗೆ ಎಲ್ಲರೂ ಒಮ್ಮತದಿಂದ ಒಂದು ಸ್ವರ ಕೆಳಕ್ಕೆ ಜಾರಿ ಅಲ್ಲೇ ಗಟ್ಟಿಯಾಗಿ ನಿಂತರು. ತರಕಾರಿ ಹೆಚ್ಚುತ್ತಿದ್ದ ಅತ್ತೆ ತಲೆಯೆತ್ತಿ, “ಅಯ್ಯೋ, ಕೊನೇಲಿ ಎಲ್ಲಿಗೆ ಬಿದ್ರೇ ಇವರೆಲ್ಲ! ಇಷ್ಟು ಚೆನ್ನಾಗಿರೋ ಧಾಟೀನ ಯಾರು ಇವರಿಗೆ ಹೀಗೆ ತಪ್ಪು ತಪ್ಪಾಗಿ ಹೇಳ್ಕೊಟ್ಟಿದ್ದು?” ಎಂದರು. ನಾನು ಅವರ ಮುಖವನ್ನೇ ನೋಡಿದೆ. ಅವರು ಕಿಟಕಿ ನೋಡಿದರು, ಕುರ್ಚಿ ನೋಡಿದರು, ಆಮೇಲೆ ನನ್ನನ್ನು ನೋಡಿ, “ನಾನಾ?” ಎಂದರು. ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು, ಮಂಚದ ಕೆಳಗೆ ಬಗ್ಗಿ ಪೆಟ್ಟಿಗೆಯನ್ನು ಎಳೆದರು. ನೋಟೀಸಿನಲ್ಲಿ ನಿಶ್ಶಬ್ದ ಅಂತಿದೆಯಲ್ಲ ಅತ್ತೆ ಎಂದು ನಾನು ಬೇಕೆಂದೇ ಕೆಣಕಿದ್ದಕ್ಕೆ, “ನಿಶ್ಶಬ್ದ ಅಂತ ಬೋರ್ಡ್ ಹಾಕಿದೋರೇ ಒಳಗೆ ಕೂತು ಗಲಾಟೆ ಮಾಡಿದ್ರೆ ಆ ಬೋರ್ಡಿಗೆ ಬೆಲೆ ಇಲ್ಲ ಕಣೇ” ಎಂದು ತೀರ್ಪು ಕೊಟ್ಟರು.

ಆದ್ದರಿಂದ, ಮಾನ್ಯರೇ, ಆ ನೋಟೀಸನ್ನು ಹಿಂದಕ್ಕೆ ಪಡೆಯಬೇಕೆಂದು ಪ್ರಾರ್ಥನೆ. ಅದು ಸಾಧ್ಯವಿಲ್ಲವೆಂದಾದರೆ ದಯವಿಟ್ಟು ತಮ್ಮ ರಂಗಮಂದಿರವನ್ನು, ಸಿನಿಮಾ ಪರದೆಗಳು, ಆಟದ ಅಂಗಳ, ತಿಂಡಿ ಮಳಿಗೆಗಳ ಸಮೇತ ಎರಡು ಬೀದಿ ಆಚೆಗೆ ಸರಿಸಿಕೊಳ್ಳಿ. ಹಾಗೆ ಎತ್ತುವಾಗ ಪಕ್ಕದ ಮನೆಯ ಕುಂಡಗಳು ಒಡೆಯದಂತೆ ನೋಡಿಕೊಳ್ಳಿ. ಅದೂ ಆಗದಿದ್ದರೆ, ನಮ್ಮ ಕಡೆಯ ಬಾಗಿಲುಗಳನ್ನು ಮಾತ್ರ ಕೂರಿಸದೆ ಬಿಡಿ. ನಾಳೆ ಅಲ್ಲಿ ದೊಡ್ಡ ದೊಡ್ಡ ಕಲಾವಿದರು ನುಡಿಸುವಾಗ ಎಲ್ಲಿಯಾದರೂ ಜಾರಿದರೆ, ಕೂತಲ್ಲಿಂದಲೇ ತಿದ್ದಲು ಅತ್ತೆಯವರಿಗೆ ಅನುಕೂಲವಾಗುತ್ತದೆ. ಸಂಬಳ ಏನೂ ಬೇಡವೆಂದಿದ್ದಾರೆ.

ಇಂತಿ,
ಕಿಟಕಿ ತೆರೆದೇ ಇಟ್ಟಿರುವ, ಕಿವಿ ಇನ್ನೂ ನೆಟ್ಟಗಿರುವ,
ತಮ್ಮ ವಿಶ್ವಾಸಿ,
ಇಸ್ತ್ರಿ ಅಂಗಡಿ ಮೇಲಿನ ಪಿಟೀಲು ಟೀಚರು

ತಾ.ಕ.: ಇಂದು ಬೆಳಿಗ್ಗೆ ಅತ್ತೆ ಆ ಕೊನೆಯ ಸ್ವರವನ್ನು ಸರಿಯಾಗಿ ಹಿಡಿದರು. ತಮ್ಮ ಕಟ್ಟಡ ಮಾತ್ರ ಇನ್ನೂ ತಪ್ಪಾಗಿಯೇ ಹಾಡುತ್ತಿದೆ. ಅದನ್ನು ನಮ್ಮ ಹೊಸಬರ ತರಗತಿಗೆ ಸೇರಿಸಿಕೊಳ್ಳಲು ಅತ್ತೆಯವರ ಅಡ್ಡಿಯಿಲ್ಲ. ನಮ್ಮ ಮೆಟ್ಟಿಲು ಕಿರಿದಾದ್ದರಿಂದ ಪಾರ್ಕಿಂಗ್ ಜಾಗವನ್ನು ಅಲ್ಲೇ ಬಿಟ್ಟು ಬರಲಿ. ಬರುವಾಗ ಸದ್ದು ಮಾಡದೆ ಬರಲಿ. ಅತ್ತೆ ಅಭ್ಯಾಸ ಮಾಡುತ್ತಿರುತ್ತಾರೆ.